ಹಳೇ ಮಡಚೋ ಚಾಕು ಸಿಕ್ರೆ ಮೊದ್ಲೇ ಉಜ್ಜೋಕೆ ಹೋಗ್ಬೇಡಿ

ಮನೆ ಅಟ್ಟ ಕ್ಲೀನ್ ಮಾಡುವಾಗ ತಾತನ ಟ್ರಂಕಲ್ಲೋ ಅಜ್ಜಿಯ ಎಲೆಅಡಿಕೆ ಚಂಚಿಲೋ ಒಂದು ಮಡಚೋ ಚಾಕು ಸಿಗುತ್ತೆ, ತುಕ್ಕು ಹಿಡಿದು ಅಲಗು ಒಳಗೇ ಕಚ್ಕೊಂಡಿರುತ್ತೆ, ಎಷ್ಟು ಎಳೆದ್ರೂ ಬರಲ್ಲ. ಆಗ ಜನ ಒಂದಾ ಗುಜರಿಗೆ ಹಾಕ್ತಾರೆ, ಇಲ್ಲಾ ಎಮರಿ ಪೇಪರ್ ತಗೊಂಡು ಬೆಳ್ಳಿ ಥರ ಹೊಳೆಯೋ ತನಕ ಉಜ್ತಾರೆ. ದಯವಿಟ್ಟು ಎರಡೂ ಮಾಡ್ಬೇಡಿ. ನಾನು ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತ ಆಗಿದ್ದೋನು, ಹಳೇ ಚಾಕು ಕೂಡಿಡೋದು ರಿಪೇರಿ ಮಾಡೋದು 40 ವರ್ಷದಿಂದ ಮಾಡ್ಕೊಂಡು ಬಂದಿದೀನಿ, ಹಾಗಾಗಿ ಕೈಯಾರೆ ಮಾಡಿ ನೋಡಿರೋದನ್ನ ಹೇಳ್ತೀನಿ.

ನಮ್ಮಪ್ಪನ ಹತ್ರ ಎರಡು ಅಲಗಿನ ಚಾಕು ಇತ್ತು, ಎಮ್ಮೆ ಕೊಂಬಿನ ಹಿಡಿ. ಕಿತ್ತಳೆ ಸುಲಿಯೋಕೆ, ಮೆಣಸಿನ ಬಳ್ಳಿ ಕಟ್ಟೋ ದಾರ ಕೊಯ್ಯೋಕೆ, ಅಡಿಕೆ ಹೋಳು ಮಾಡೋಕೆ ಎಲ್ಲಕ್ಕೂ ಅದೇ. ಅವರು ಹೋದ್ಮೇಲೆ ಚೆನ್ನಾಗಿರ್ಲಿ ಅಂತ ನಾನು ಅದನ್ನ ಸೈಕಲ್ ಮೇಲೆ ಬರೋ ಸಾಣೆಯವನಿಗೆ ಕೊಟ್ಟೆ. ಅವನು ಪಾಪ ಶ್ರದ್ಧೆಯಿಂದ್ಲೇ ಚಕ್ರಕ್ಕೆ ಹಿಡಿದ, ಕಿಡಿ ಹಾರ್ತು, ಐದು ನಿಮಿಷದಲ್ಲಿ ಕನ್ನಡಿ ಥರ ಆಯ್ತು. ಮನೆಗೆ ತಂದು ನೋಡಿದ್ರೆ ಅಲಗಿನ ಬುಡದಲ್ಲಿ ಒತ್ತಿದ್ದ ಅಕ್ಷರ ಪೂರ್ತಿ ಹೋಗಿತ್ತು, ತುದಿ ಹತ್ರ ನೀಲಿ ಬಣ್ಣ ಬಂದಿತ್ತು. ಆ ಚಾಕು ಎಲ್ಲಿಯದು, ಯಾವ ಕಾಲದ್ದು ಅನ್ನೋದು ಅವತ್ತಿಗೇ ಮುಗೀತು. ಅದಕ್ಕೇ ನಾನು ಯಾರೇ ಕೇಳಿದ್ರೂ ಮೊದ್ಲು ಹೇಳೋದು ಇದೇ ಮಾತು, ತುಕ್ಕು ಆಮೇಲೆ ತೆಗೀಬಹುದು, ಮೊದ್ಲು ಬುಡ ನೋಡಿ.

ಬುಡ ಅಂದ್ರೆ ಅಲಗು ಹಿಡಿಯೊಳಗೆ ಸೇರೋ ಜಾಗ, ಅಲ್ಲೇ ಕಂಪನಿ ಹೆಸರು, ಊರು, ಗುರುತು ಒತ್ತಿರ್ತಾರೆ. ಸವೆದು ಹೋಗಿದ್ರೆ ಬಟ್ಟೆಲಿ ಒರೆಸಿ, ಬ್ಲ್ಯಾಕ್‌ಬೋರ್ಡ್ ಸೀಮೆಸುಣ್ಣದ ಪುಡಿ ಬೆರಳಲ್ಲಿ ಮೆಲ್ಲಗೆ ತಿಕ್ಕಿ, ಮೇಲಿನದನ್ನ ಒರೆಸಿಬಿಡಿ, ತಗ್ಗಲ್ಲಿ ಬಿಳಿ ಪುಡಿ ಉಳ್ಕೊಳ್ಳುತ್ತೆ. ಆಮೇಲೆ ಬೆಳಗ್ಗೆ ಬಿಸಿಲು ಓರೆಯಾಗಿ ಬೀಳೋ ಕಿಟಕಿ ಹತ್ರ ಕೂತು ಭೂತಗನ್ನಡಿ ಹಿಡೀರಿ. ಏನೂ ಇಲ್ಲ ಅನ್ಕೊಂಡಿದ್ದ ಅಲಗಲ್ಲಿ ಒಂದೊಂದೇ ಅಕ್ಷರ ಎದ್ದು ಬರೋದು ನೋಡಿದ್ರೆ ಇವತ್ತಿಗೂ ನಂಗೆ ಮೈ ಜುಮ್ ಅನ್ನುತ್ತೆ.

ನಮ್ಮ ಮಲೆನಾಡು, ಕೊಡಗು ಕಡೆ ಬ್ರಿಟಿಷ್ ಪ್ಲಾಂಟರ್‌ಗಳು ಇದ್ದಿದ್ರಿಂದ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಚಾಕು ಆಗಾಗ ಸಿಗುತ್ತೆ. ಒಂದು ನಕ್ಷತ್ರ, ಪಕ್ಕದಲ್ಲಿ ಮಾಲ್ಟೀಸ್ ಶಿಲುಬೆ (ನಾಲ್ಕೂ ತೋಳು ತುದಿಗೆ ಹೋಗ್ತಾ ಅಗಲ ಆಗೋ ಶಿಲುಬೆ) ಇದ್ರೆ ಅದು ಜೋಸೆಫ್ ರಾಜರ್ಸ್ ಕಂಪನಿದು. ಐ ಎಕ್ಸ್ ಎಲ್ ಅಂತಿದ್ರೆ ಜಾರ್ಜ್ ವೋಸ್ಟೆನ್‌ಹೋಮ್. ಕಿರೀಟದ ಜೊತೆ ವಿ ಆರ್ ಅಂತಿದ್ರೆ ವಿಕ್ಟೋರಿಯಾ ರಾಣಿ ಕಾಲ, ಅಂದ್ರೆ 1837ರಿಂದ 1901ರ ಒಳಗೆ ಅಂತ ಹಿಡ್ಕೋಬಹುದು. ಬಾಗಿದ ಕೊಕ್ಕೆ ಥರ ಅಲಗು ಇದ್ರೆ ಅದು ಗಿಡ ಸವರೋ ಚಾಕು, ಶೆಫೀಲ್ಡಿನ ಸೇನರ್ ಕಂಪನಿಯವರು ಸವರೋ ಚಾಕು ಕಸಿ ಚಾಕು ಅಂತ್ಲೇ ಮಾಡ್ತಿದ್ರು. ಊರಿನ ಹೆಸರಿನ ಜೊತೆ ಇಂಗ್ಲೆಂಡ್ ಅಂತ ದೇಶದ ಹೆಸರೂ ಇದ್ರೆ ಬಹುಶಃ 1891ರ ಆಮೇಲಿನದು, ಯಾಕಂದ್ರೆ 1890ರಲ್ಲಿ ಅಮೆರಿಕದವರು ಹೊರಗಿಂದ ಬರೋ ಮಾಲಿನ ಮೇಲೆ ದೇಶದ ಹೆಸರು ಇರ್ಲೇಬೇಕು ಅಂತ ಕಾನೂನು ಮಾಡಿದ್ರು, ಆದ್ರೆ ದೇಶದ ಹೆಸರು ಇಲ್ಲ ಅಂದ ಮಾತ್ರಕ್ಕೆ ಅದಕ್ಕಿಂತ ಹಳೇದು ಅಂತ ತೀರ್ಮಾನ ಮಾಡ್ಬೇಡಿ, ಅಮೆರಿಕಕ್ಕೆ ಹೋಗದ ಮಾಲಿಗೆ ಆ ಕಾನೂನು ಇರ್ಲಿಲ್ಲ. ಸ್ಟೇನ್‌ಲೆಸ್ ಅಂತ ಒತ್ತಿದ್ರೆ 1913ಕ್ಕಿಂತ ಹಿಂದಿನದು ಆಗೋಕೇ ಸಾಧ್ಯ ಇಲ್ಲ, ಆ ವರ್ಷವೇ ಶೆಫೀಲ್ಡಲ್ಲಿ ಹ್ಯಾರಿ ಬ್ರಿಯರ್ಲಿ ಅನ್ನೋರು ಆ ಉಕ್ಕು ಮಾಡಿದ್ದು. ಇಬ್ಬರು ಮನುಷ್ಯರು ಅಕ್ಕಪಕ್ಕ ನಿಂತಿರೋ ಗುರುತು ಇದ್ರೆ ಜರ್ಮನಿಯ ಜೋಲಿಂಗನ್ ಊರಿನ ಹೆಂಕೆಲ್ಸ್ ಇರಬಹುದು, ಅವಳಿ ಗುರುತನ್ನ 1731ರಲ್ಲೇ ರಿಜಿಸ್ಟರ್ ಮಾಡ್ಸಿದ್ರು. ಇನ್ನು ಮಿಲಿಟರಿಯಲ್ಲಿ ಇದ್ದವರ ಮನೇಲಿ ಕಪ್ಪು ಗೀಟುಗೀಟಿನ ಹಿಡಿ, ಡಬ್ಬಿ ತೆಗೆಯೋ ಕೊಕ್ಕೆ, ದಪ್ಪ ಮೊಳೆ ಥರದ ದಬ್ಬಳ ಇರೋ ತೂಕದ ಚಾಕು ಸಿಗುತ್ತೆ, ಅದರಲ್ಲಿ ಮೂರು ಗೆರೆಯ ಒಂದು ಬಾಣ ಇರುತ್ತೆ, ಅದು ಬ್ರಿಟಿಷ್ ಸರ್ಕಾರಿ ಸ್ವತ್ತಿನ ಗುರುತು, ಎಷ್ಟೋ ಸಲ ಪಕ್ಕದಲ್ಲೇ ಇಸವಿನೂ ಇರುತ್ತೆ.

ಉಕ್ಕು ಯಾವುದು ಅಂತ ತಿಳ್ಕೊಳ್ಳೋಕೆ ಅಯಸ್ಕಾಂತ ಹಿಡಿದು ಪ್ರಯೋಜನ ಇಲ್ಲ, ಚಾಕಿನ ಸ್ಟೇನ್‌ಲೆಸ್ಸೂ ಅಂಟುತ್ತೆ. ಒಂದು ಮಾವಿನಕಾಯಿ ಕೊಯ್ದು ನೋಡಿ, ಹಳೇ ಇಂಗಾಲದ ಉಕ್ಕಾದ್ರೆ ಸ್ವಲ್ಪ ಹೊತ್ತಲ್ಲೇ ಕಪ್ಪಾಗುತ್ತೆ. ವರ್ಷಗಟ್ಟಲೆ ಹೀಗೆ ಆಗಿ ಆಗಿ ಬರೋ ಬೂದು ಬಣ್ಣ ಕೊಳೆ ಅಲ್ಲ ಕಣ್ರೀ, ಅದು ಅಲಗಿಗೆ ರಕ್ಷಣೆ, ಅದನ್ನ ಉಜ್ಜಿ ತೆಗೆದ್ರೆ ಬರಿ ಮೈ ಆಗಿ ಬೇಗ ತುಕ್ಕು ಹಿಡಿಯುತ್ತೆ. ಕೆಂಪಗೆ, ಕೈಗೆ ಪುಡಿ ಪುಡಿ ಹತ್ತೋದು ಮಾತ್ರ ತುಕ್ಕು, ಅದು ಹೋಗ್ಬೇಕು.

ಹಿಡಿ ನೋಡೋದು ಒಂದು ವಿದ್ಯೆ. ಮೂಳೆ ಆದ್ರೆ ಸಣ್ಣ ಸಣ್ಣ ಕಪ್ಪು ಚುಕ್ಕೆ, ಗೀರು ಕಾಣುತ್ತೆ. ಆನೆದಂತದ ಅಡ್ಡ ಕೊಯ್ತದಲ್ಲಿ ಒಂದನ್ನೊಂದು ದಾಟೋ ಸಣ್ಣ ಗೆರೆಗಳ ಬಲೆ. ನೋಡೋಕೆ ದಂತದ ಥರಾನೇ ಇದ್ದು, ಹೆಬ್ಬೆರಳಲ್ಲಿ ಜೋರಾಗಿ ತಿಕ್ಕಿದಾಗ ಕರ್ಪೂರದ ವಾಸನೆ ಬಂದ್ರೆ ಅದು ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್, ಅದರೊಳಗೆ ನಿಜವಾಗ್ಲೂ ಕರ್ಪೂರ ಹಾಕ್ತಿದ್ರು. ಈ ಸೆಲ್ಯುಲಾಯ್ಡ್ ಹಿಡಿಯ ಚಾಕುನ ಬೇರೆ ಡಬ್ಬಿಲಿ ಇಡಿ, ಅದು ಹಳೇದಾಗಿ ಕೊಳೆಯೋಕೆ ಶುರುವಾದ್ರೆ ಒಂದು ಥರ ಹುಳಿ ಹೊಗೆ ಬಿಡುತ್ತೆ, ಪಕ್ಕದಲ್ಲಿರೋ ಒಳ್ಳೇ ಚಾಕುಗಳಿಗೂ ತುಕ್ಕು ಹಿಡಿಯುತ್ತೆ, ಬೆಂಕಿಗೂ ಬೇಗ ಹತ್ತುತ್ತೆ. ಶೆಫೀಲ್ಡಿನವರು ನಮ್ಮ ದೇಶದ ಕಡವೆ ಕೊಂಬನ್ನೇ ತರಿಸ್ಕೊಂಡು ಹಿಡಿ ಮಾಡ್ತಿದ್ರು, ಆ ಒರಟು ಕಂದು ಬಣ್ಣದ ಹಿಡಿ ನೋಡೋಕೆ ಬಲು ಚಂದ. ಆದ್ರೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಕಡವೆ ಕೊಂಬು, ಆನೆದಂತ ಇರೋದನ್ನ ಮಾರೋದು ಕೊಳ್ಳೋದು ಬೇಡ, ಮನೇಲಿ ಹಿಂದಿಂದ ಇದ್ರೆ ಅರಣ್ಯ ಇಲಾಖೆಯವರನ್ನ ಕೇಳಿ ತಿಳ್ಕೊಳ್ಳಿ.

ಈಗ ಕಚ್ಕೊಂಡಿರೋ ಅಲಗು. ಇಕ್ಕಳ ಹಾಕಿ ಎಳೀಬೇಡಿ, ತೆರೆಯೋಕೆ ಉಗುರು ಹಾಕೋ ಗೀರಿನ ಹತ್ರಾನೇ ಅಲಗು ಮುರಿಯುತ್ತೆ. ಬಿಸಿ ನೀರಲ್ಲೂ ಹಾಕ್ಬೇಡಿ, ಮೂಳೆ ಕೊಂಬು ನೀರು ಕುಡಿದು ಆಮೇಲೆ ಒಣಗುವಾಗ ಸೀಳುತ್ತೆ. ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಅಲಗು ತಿರುಗೋ ಕೀಲಿಗೆ ಬಿಟ್ಟು, ತಲೆಕೆಳಗಾಗಿ ಒಂದು ಲೋಟದಲ್ಲಿ ನಿಲ್ಲಿಸಿ ರಾತ್ರಿಯೆಲ್ಲ ಬಿಡಿ, ಬೆಳಗ್ಗೆ ಸ್ವಲ್ಪ ಹೊತ್ತು ಎಳೆಬಿಸಿಲಲ್ಲಿಟ್ಟು ಮೆಲ್ಲಗೆ ಒಂದು ಕೂದಲಷ್ಟು ಅಲ್ಲಾಡಿಸಿ, ಬರ್ಲಿಲ್ಲ ಅಂದ್ರೆ ಮತ್ತೆ ಎಣ್ಣೆ. ನಂಗೆ ಒಂದು ಚಾಕು ಬಿಚ್ಚೋಕೆ ಹನ್ನೊಂದು ದಿನ ಹಿಡಿದಿದೆ. ಕೊಬ್ಬರಿ ಎಣ್ಣೆ ಬೇಡ, ನಮ್ಮ ಚಳಿಗೆ ಗಟ್ಟಿಯಾಗಿ, ಆಮೇಲೆ ಜಿಗುಟಾಗಿ ಧೂಳೆಲ್ಲ ಹಿಡ್ಕೊಳ್ಳುತ್ತೆ. ತೆರೆದ ಮೇಲೆ ಒಳಗಿನ ಸಂದಿಯಲ್ಲಿ ಜೇಬಿನ ನೂಲು, ಹೊಗೆಸೊಪ್ಪು, ಅಡಿಕೆ ಪುಡಿ ಎಲ್ಲ ಗಟ್ಟಿಯಾಗಿ ಕೂತಿರುತ್ತೆ, ಪೊರಕೆ ಕಡ್ಡಿ ಚೂಪು ಮಾಡ್ಕೊಂಡು ಕೆದಕಿ ತೆಗೀರಿ, ಕಬ್ಬಿಣದ ಸೂಜಿ ಹಾಕಿದ್ರೆ ಒಳಗಿನ ಹಿತ್ತಾಳೆ ತಗಡು ಗೀರಾಗುತ್ತೆ. ಹಿತ್ತಾಳೆ ಮೇಲಿನ ಹಸಿರು ಕಿಲುಬನ್ನ ಎಣ್ಣೆ ಬಟ್ಟೆಲಿ ಒರೆಸಿ ಸಾಕು, ಹುಣಸೆಹಣ್ಣು ಹಚ್ಬೇಡಿ, ಅದರ ಹುಳಿ ಕೀಲಿನೊಳಗೆ ಇಳಿದ್ರೆ ಹೊರಗೆ ಬರಲ್ಲ. ಅಲಗಿನ ತುಕ್ಕಿಗೆ ಅತೀ ಸಣ್ಣ ಎಳೆಯ ಸ್ಟೀಲ್ ವುಲ್, ಹಾರ್ಡ್‌ವೇರ್ ಅಂಗಡಿಲಿ ನಾಲ್ಕು ಸೊನ್ನೆದು ಅಂತ ಕೇಳಿ, ಎಣ್ಣೆಲಿ ಅದ್ದಿ ಒಂದೇ ದಿಕ್ಕಿಗೆ ಉಜ್ಜಿ, ಬುಡದ ಅಕ್ಷರ ಇರೋ ಕಡೆ ಮಾತ್ರ ಬರೀ ಬಟ್ಟೆ.

ಕೀಲು ಸಡಿಲ ಆಗಿ ಅಲಗು ಅತ್ತಿತ್ತ ಅಲ್ಲಾಡ್ತಿದ್ರೆ ಮನೇಲೇ ಸರಿ ಮಾಡ್ಬಹುದು. ಕೀಲಿನ ಪಿನ್ನು ಇರೋ ಲೋಹದ ಭಾಗವನ್ನ ದಪ್ಪ ಕಬ್ಬಿಣದ ಮೇಲೆ ಸರಿಯಾಗಿ ಕೂರಿಸಿ, ಅಲಗಿಗೂ ತಗಡಿಗೂ ಮಧ್ಯ ಒಂದು ತೆಳು ಕಾಗದ ಸೇರಿಸಿ, ಉಂಡೆ ತಲೆಯ ಸಣ್ಣ ಸುತ್ತಿಗೆಯಿಂದ ಪಿನ್ನಿನ ತಲೆ ಮೇಲೆ ಟಕ ಟಕ ಅಂತ ಅಕ್ಕಸಾಲಿ ಬಡಿಯೋ ಹಾಗೆ ಬಡೀರಿ, ನಾಲ್ಕು ಏಟಿಗೆ ಒಂದು ಸಲ ತೆಗೆದು ಮುಚ್ಚಿ ನೋಡಿ. ಜಾಸ್ತಿ ಆದ್ರೆ ಅಲಗು ಬಿಗಿಯಾಗಿ ತೆರೆಯೋಕೇ ಬರಲ್ಲ, ಕಾಗದ ಎಳೆದು ತೆಗೆದಾಗ ಉಳಿಯೋ ಜಾಗವೇ ಅಳತೆ. ಹಿಡಿಯ ತುಂಡು ಬಿಟ್ಕೊಂಡಿದ್ರೆ ಅರಾಲ್ಡೈಟ್ ಅಂಟು ಹಚ್ಚಿ ದಾರ ಸುತ್ತಿ ಒಂದು ದಿನ ಬಿಡಿ. ಹೊಸ ಪಿನ್ನು ಬೇಕು ಅಂದ್ರೆ ಹಿತ್ತಾಳೆ ತಂತಿ ತಗೊಳ್ಳಿ, ಮೂಳೆಯ ತೂತನ್ನ ಪಿನ್ನಿಗಿಂತ ಒಂದು ಚೂರು ಸಡಿಲ ಇಡಿ, ಇಲ್ಲಾಂದ್ರೆ ಬಡಿದಾಗ ಪಿನ್ನು ಉಬ್ಬಿ ಮೂಳೆ ಬಿರುಕು ಬಿಡುತ್ತೆ. ಬೆನ್ನಿನ ಸ್ಪ್ರಿಂಗ್ ಮುರಿದಿದ್ರೆ ಕೈ ಹಾಕ್ಬೇಡಿ, ಅದೇ ಥರದ ಇನ್ನೊಂದು ಹಾಳಾದ ಚಾಕು ಸಿಗೋ ತನಕ ಎತ್ತಿಡಿ.

ಹರಿತ ಮಾಡೋಕೆ ತಿರುಗೋ ಸಾಣೆ ಚಕ್ರ ಬೇಡವೇ ಬೇಡ. ನಮ್ಮಪ್ಪನ ಚಾಕಿಗೆ ನೀಲಿ ಬಂತಲ್ಲ, ಅದು ಉಕ್ಕು ಕಾದು ಹದ ಕಳ್ಕೊಂಡ ಗುರುತು, ಆ ತುದಿ ಈಗ ಎಷ್ಟು ಮಸೆದ್ರೂ ಎರಡು ಕಿತ್ತಳೆ ಸುಲಿಯೋಷ್ಟರಲ್ಲಿ ಮೊಂಡಾಗುತ್ತೆ. ಒಂದು ಕಡೆ ಒರಟು ಇನ್ನೊಂದು ಕಡೆ ನುಣುಪು ಇರೋ ಕಾರ್ಬೊರಂಡಮ್ ಮಸೆಯೋ ಕಲ್ಲು ಸಾಕು, ನುಣುಪು ಕಡೆಯಲ್ಲಿ ಎಣ್ಣೆ ಹಾಕಿ, ಅಲಗಿನ ಬೆನ್ನನ್ನ ಸ್ವಲ್ಪವೇ ಎತ್ತಿ, ಹೆಚ್ಚಂದ್ರೆ 20 ಡಿಗ್ರಿ, ಆ ಕಡೆ ಐದು ಈ ಕಡೆ ಐದು ಎಳೆತ, ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ನಾಲ್ಕು ಸಲ.

ಕೊಳ್ಳೋರಿಗೆ ಒಂದು ಮಾತು. ಬೆಂಗಳೂರಿನ ಚಿಕ್ಕಪೇಟೆ ಕಡೆ ಭಾನುವಾರದ ಬಜಾರಲ್ಲಿ, ಊರಿನ ಗುಜರಿ ಅಂಗಡಿಗಳಲ್ಲಿ ಸಿಗುತ್ತೆ. ತಗೊಳ್ಳೋ ಮುಂಚೆ ತೆರೆದು ಮುಚ್ಚಿ, ಟಕ್ ಅಂತ ಗಟ್ಟಿ ಸದ್ದು ಬರ್ಬೇಕು. ಉಗುರಿನ ಗೀರು ಅಂಚಿಗೆ ತೀರಾ ಹತ್ರ ಇದ್ರೆ ಅಲಗು ಮಸೆದು ಮಸೆದು ತೇದಿದೆ ಅಂತ ಅರ್ಥ, ಮುಚ್ಚಿದಾಗ ತುದಿ ಹೊರಗೆ ಇಣುಕಿದ್ರೂ ಅನುಮಾನ. ಸುತ್ತ ಎಲ್ಲ ತುಕ್ಕಿನ ಗುಳಿ ಇದ್ದು ಹೆಸರು ಮಾತ್ರ ನಿನ್ನೆ ಒತ್ತಿದ ಹಾಗಿದ್ರೆ ಕೆಳಗಿಟ್ಟು ಬನ್ನಿ. ಬಟನ್ ಒತ್ತಿದ್ರೆ ಹಾರಿ ತೆರೆಯೋ ಚಾಕಿನ ಗೊಡವೆ ಬೇಡ, ವಿಮಾನದಲ್ಲಿ ಹೋಗುವಾಗ ಯಾವ ಚಾಕುನೂ ಕೈಚೀಲದಲ್ಲಿ ಇಡ್ಬೇಡಿ, ಲಗೇಜಿಗೆ ಹಾಕಿ.

ಎತ್ತಿಡುವಾಗ ಚರ್ಮದ ಚೀಲದಲ್ಲಿ ಇಡ್ಬಾರ್ದು, ಚರ್ಮ ಹದ ಮಾಡೋ ಮದ್ದಿನ ಹುಳಿಗೆ ಉಕ್ಕು ತುಕ್ಕು ಹಿಡಿಯುತ್ತೆ, ಎಣ್ಣೆ ಸವರಿದ ಹತ್ತಿ ಬಟ್ಟೆಲಿ ಸುತ್ತಿ ಡಬ್ಬಿಲಿಡಿ, ಮಳೆಗಾಲದಲ್ಲಿ ತಿಂಗಳಿಗೊಂದು ಸಲ ತೆಗೆದು ನೋಡಿ. ಆಯುಧಪೂಜೆ ದಿನ ಎಲ್ಲರೂ ತೆಗೆದು ಅರಿಶಿನ ಕುಂಕುಮ ಹಚ್ತೀವಿ, ನಿಂಬೆಹಣ್ಣೂ ಕೊಯ್ತೀವಿ, ಆಮೇಲೆ ಹಾಗೇ ಬಿಡ್ತೀವಿ, ಮರುದಿನದ ಹೊತ್ತಿಗೆ ಆ ಬೊಟ್ಟಿನ ಅಡಿಯಲ್ಲೇ ಗುಳಿ ಬಿದ್ದಿರುತ್ತೆ. ಬೊಟ್ಟನ್ನ ಹಿಡಿಗೆ ಇಡಿ, ಪೂಜೆ ಮುಗಿದ ಸಂಜೆಗೇ ಒರೆಸಿ ಎಣ್ಣೆ ಸವರಿ.

ಮತ್ತೆ ಪ್ರತಿ ಚಾಕಿನ ಜೊತೆ ಒಂದು ಚೀಟಿ ಇಡಿ, ಯಾರದ್ದು, ಯಾವಾಗ ಎಲ್ಲಿ ಸಿಕ್ತು, ಬುಡದಲ್ಲಿ ಏನು ಬರೆದಿದೆ, ಏನು ರಿಪೇರಿ ಮಾಡಿದ್ರಿ ಎಲ್ಲ. ಪೆನ್ಸಿಲಲ್ಲೇ ಬರೀರಿ, ಪೆನ್ನಿನ ಇಂಕು ಎಣ್ಣೆ ತಾಗಿದ್ರೆ ಹರಡುತ್ತೆ. ನಮ್ಮಪ್ಪನ ಚಾಕಿನ ಚೀಟಿಯಲ್ಲಿ ಅವರ ಹೆಸರು, ನಮ್ಮ ಊರು ಇದೆ, ಕಂಪನಿ ಹೆಸರಿನ ಜಾಗ ಖಾಲಿ ಬಿಟ್ಟಿದೀನಿ.