‘ವಿದ್ಯಾಲಯ’ದಿಂದ ಟ್ಯಾಂಗೋವರೆಗೆ: ಹೈಸ್ಕೂಲ್ ಮಕ್ಕಳಿಗೆ ಜೋಡಿ ನೃತ್ಯ ಕಲಿಸುವ ಬಗೆ

2006ರ ‘ಟೇಕ್ ದ ಲೀಡ್’ ಎಂಬ ಇಂಗ್ಲಿಷ್ ಸಿನಿಮಾ ನೋಡಿದವರಿಗೆ ಮೊದಲು ನೆನಪಾಗುವುದು ಅದರಲ್ಲಿನ ಟ್ಯಾಂಗೋ ಎಂಬ ಜೋಡಿ ನೃತ್ಯ. ನ್ಯೂಯಾರ್ಕಿನ ಹೈಸ್ಕೂಲೊಂದರಲ್ಲಿ ಶಿಕ್ಷೆಗೆಂದು ಕೂರಿಸಿದ ಹುಡುಗ ಹುಡುಗಿಯರ ಮುಂದೆ ಆಂಟೋನಿಯೊ ಬಂಡೇರಸ್ ಒಬ್ಬ ನರ್ತಕಿಯನ್ನು ಕರೆತಂದು ಕುಣಿಯುತ್ತಾರೆ. ಅಲ್ಲಿಯವರೆಗೆ ಮೂತಿ ತಿರುಗಿಸಿಕೊಂಡಿದ್ದ ಮಕ್ಕಳು ಬಾಯಿಬಿಟ್ಟುಕೊಂಡು ನೋಡುತ್ತಾರೆ. ಆ ದೃಶ್ಯ ನಂಬಿಕೊಂಡು ತರಗತಿಯನ್ನು ಟ್ಯಾಂಗೋದಿಂದ ಶುರುಮಾಡಿದರೆ ಎರಡನೇ ದಿನಕ್ಕೇ ಅರ್ಧ ಮಕ್ಕಳು ಬರುವುದಿಲ್ಲ. ನೋಡಲು ಚೆಂದವಾದದ್ದೆಲ್ಲ ಮೊದಲು ಕಲಿಯಲು ತಕ್ಕದ್ದಲ್ಲ.

ಚಿತ್ರಕ್ಕೆ ಆಧಾರವಾದ ನೃತ್ಯ ಶಿಕ್ಷಕ ಪಿಯರ್ ದುಲೇನ್ 1994ರಲ್ಲಿ ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ಶುರುಮಾಡಿದ ಕಾರ್ಯಕ್ರಮ ಮುಖ್ಯವಾಗಿ ಐದನೇ ತರಗತಿಯ ಮಕ್ಕಳಿಗೆ, ಅಂದರೆ ಹತ್ತು ಹನ್ನೊಂದು ವಯಸ್ಸಿನವರಿಗೆ. 10 ವಾರ, 20 ತರಗತಿ ಅವರ ಲೆಕ್ಕ. ಸಿನಿಮಾ ಅದನ್ನು ಹದಿಹರೆಯದವರಿಗೆ ಬದಲಾಯಿಸಿಕೊಂಡಿತು. ಈ ಬದಲಾವಣೆ ಸಣ್ಣದಲ್ಲ. ಹತ್ತರ ಮಕ್ಕಳು ಕೈ ಹಿಡಿಯಲು ನಾಚಿದರೂ ಐದು ನಿಮಿಷದಲ್ಲಿ ಮರೆಯುತ್ತಾರೆ, ಹದಿನಾಲ್ಕರವರು ಮರೆಯುವುದಿಲ್ಲ. ಒಂಬತ್ತನೇ ತರಗತಿಯವರಿಗೆ ನಾನೂ 20 ತರಗತಿಗಳನ್ನೇ ಇಟ್ಟುಕೊಂಡಿದ್ದೇನೆ, ತಲಾ 45 ನಿಮಿಷ. ಕಲಿಸುವುದು ನಾಲ್ಕು ಬಗೆಯ ಜೋಡಿ ನೃತ್ಯ: ಮೆರೆಂಗೆಗೆ 4, ಫಾಕ್ಸ್‌ಟ್ರಾಟ್‌ಗೆ 6, ವಾಲ್ಟ್ಸ್‌ಗೆ 5, ಕೊನೆಯ 5 ಟ್ಯಾಂಗೋಗೆ.

ಶುರುವಿಗೆ ಮುಂಚೆಯೇ ಪೋಷಕರನ್ನು ಕರೆಸಿ, ಯಾರ ಕೈ ಎಲ್ಲಿರುತ್ತದೆ ಎಂದು ನಿಂತು ತೋರಿಸಬೇಕು. ಬರೀ ಒಪ್ಪಿಗೆ ಪತ್ರ ಕಳಿಸಿದರೆ ‘ಜೋಡಿ ನೃತ್ಯ’ ಎಂಬ ಮಾತಿಗೆ ಅವರವರಿಗೆ ತೋಚಿದ ಅರ್ಥ ಕಟ್ಟಿಕೊಳ್ಳುತ್ತಾರೆ. ತರಗತಿಯಲ್ಲಿ ಶಾಲೆಯ ಟೀಚರ್ ಒಬ್ಬರು ಇರಲೇಬೇಕು. ಹಿಡಿತವನ್ನು ಸಹಾಯಕರ ಜೊತೆ ನಿಂತು ತೋರಿಸುತ್ತೇನೆ. ಮಕ್ಕಳನ್ನು ಮುಟ್ಟಿ ತಿದ್ದುವುದಿಲ್ಲ, ಬಾಯಲ್ಲಿ ಹೇಳಿಯೇ ತಿದ್ದುತ್ತೇನೆ. ನಿಧಾನವಾಗುತ್ತದೆ ನಿಜ, ಆದರೆ ಹಾಗೆ ತಿದ್ದಿಕೊಂಡದ್ದು ಮೈಯಲ್ಲಿ ಉಳಿಯುತ್ತದೆ.

ಮೊದಲ ಮೂರು ತರಗತಿಯಲ್ಲಿ ಕೈ ಹಿಡಿಯುವ ಮಾತೇ ಇಲ್ಲ. ಇಬ್ಬರೂ ಎದುರುಬದುರು ನಿಂತು ಅಂಗೈಗಳ ನಡುವೆ 100 ಪುಟದ ಒಂದೊಂದು ನೋಟ್‌ಬುಕ್ ಒತ್ತಿ ಹಿಡಿಯಬೇಕು, ಎಡಕ್ಕೊಂದು ಬಲಕ್ಕೊಂದು, ಎದೆಯ ಮಟ್ಟದಲ್ಲಿ. ಒಬ್ಬರು ಜೋರಾಗಿ ತಳ್ಳಿ ಇನ್ನೊಬ್ಬರು ಕೈ ಸಡಿಲ ಬಿಟ್ಟರೆ ಪುಸ್ತಕ ಜಾರುತ್ತದೆ, ಇಬ್ಬರೂ ಜೋರಾಗಿ ತಳ್ಳಿದರೆ ಮೊಣಕೈ ಸೆಟೆದು ಹೆಜ್ಜೆಯೇ ಏಳುವುದಿಲ್ಲ. ಎರಡೂ ಕಡೆಯ ಒತ್ತು ಸಮನಾದಾಗ ಮುಂದೆ ನಡೆಸುವವರ ಎದೆ ಸರಿದತ್ತ ಪುಸ್ತಕ ಸರಿಯುತ್ತದೆ, ಹಿಂಬಾಲಿಸುವವರ ಕಾಲು ತಾನಾಗಿ ಹಿಂದೆ ಹೋಗುತ್ತದೆ. ‘ಲೀಡ್’ ಎಂದರೆ ಇದೇ, ಎಳೆಯುವುದಲ್ಲ. ಕಣ್ಣು ಪುಸ್ತಕದ ಮೇಲೆ ಇರುವುದರಿಂದ ನಾಚಿಕೆಗೂ ಜಾಗ ಸಿಗುವುದಿಲ್ಲ. ನಾಲ್ಕನೇ ತರಗತಿಯಲ್ಲಿ ಪುಸ್ತಕ ತೆಗೆದು ಕೈ ಕೊಡಿಸಿದರೆ ಗುಸುಗುಸು ಬಹಳಷ್ಟು ಕಡಿಮೆ.

ಮುನ್ನಡೆಸುವವರ ತೋಳಿಗೆ ನೀಲಿ ರಿಬ್ಬನ್ ಕಟ್ಟುತ್ತೇನೆ. ಹುಡುಗರೇ ಮುನ್ನಡೆಸಬೇಕೆಂದಿಲ್ಲ, ತರಗತಿಯಲ್ಲಿ ಹುಡುಗಿಯರು ಹೆಚ್ಚಿದ್ದರೆ ಲೆಕ್ಕವೂ ಹೊಂದುತ್ತದೆ. ರಿಬ್ಬನ್‌ನವರು ಹೊರವೃತ್ತದಲ್ಲಿ ನಿಂತಲ್ಲೇ ನಿಲ್ಲುತ್ತಾರೆ, ಒಳವೃತ್ತದವರು ಪ್ರತಿ 3 ನಿಮಿಷಕ್ಕೆ ಬಲಕ್ಕೆ ಒಂದು ಜಾಗ ಸರಿಯುತ್ತಾರೆ. ಸರಿಯುವ ಮುಂಚೆ ‘ಥ್ಯಾಂಕ್ಯೂ’ ಹೇಳಲೇಬೇಕು. ಯಾರಿಗೆ ಯಾರು ಜೋಡಿ ಎಂದು ಛೇಡಿಸುವವರಿಗೆ 3 ನಿಮಿಷದಲ್ಲಿ ವಿಷಯವೇ ಇಲ್ಲದಾಗುತ್ತದೆ. ‘ಅವಳ ಜೊತೆ ಬೇಡ ಸರ್’ ಎಂದವನಿಗೂ ‘ಮೂರೇ ನಿಮಿಷ’ ಎನ್ನಬಹುದು. ಪ್ರದರ್ಶನಕ್ಕೆ ಕಾಯಂ ಜೋಡಿಗಳು ಬೇಕು, ಅದನ್ನು 17ನೇ ತರಗತಿಗೆ ಮುಂಚೆ ಹೇಳಲೇಬಾರದು.

ನೆಲದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕ್ಯಾನ್ವಾಸ್ ಶೂಗಳ ರಬ್ಬರ್ ತಳ ನೆಲ ಕಚ್ಚುತ್ತದೆ, ತಿರುಗುವಾಗ ಪಾದ ಅಲ್ಲೇ ನಿಂತು ಮಂಡಿ ತಿರುಚುತ್ತದೆ. ಗ್ರಾನೈಟ್ ಮೇಲೆ ಬರೀ ಸಾಕ್ಸ್ ಜಾರುತ್ತದೆ. ಬರಿಗಾಲು ಬೆವರಿದರೆ ಅಂಟುತ್ತದೆ. ಯೂನಿಫಾರ್ಮಿನ ಕಪ್ಪು ಶೂ, ತಳ ಸವೆದಿದ್ದರೆ ಇನ್ನೂ ವಾಸಿ. ಜೋಡಿಯೊಂದಕ್ಕೆ 6 ಅಡಿ ಉದ್ದ, 6 ಅಡಿ ಅಗಲ ಬೇಕು. ಎಲ್ಲರೂ ಕೋಣೆ ಸುತ್ತುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಇಷ್ಟನ್ನು ಮೊದಲ ದಿನವೇ ಹೇಳದಿದ್ದರೆ ಢಿಕ್ಕಿ ತಪ್ಪುವುದಿಲ್ಲ.

ಇನ್ನು ಲಯ. ಫಾಕ್ಸ್‌ಟ್ರಾಟ್‌ಗೆ ‘ಸ್ಲೋ, ಸ್ಲೋ, ಕ್ವಿಕ್, ಕ್ವಿಕ್’ ಎಂದು ಕೂಗಿದರೆ ಮಕ್ಕಳು ‘ಸ್ಲೋ’ವನ್ನು ಮನಸ್ಸಿಗೆ ಬಂದಷ್ಟು ಎಳೆಯುತ್ತಾರೆ. ಕನ್ನಡ ಪೀರಿಯಡ್ಡಿನಲ್ಲಿ ಪ್ರಸ್ತಾರ ಹಾಕಿದವರಿಗೆ ಇದಕ್ಕಿಂತ ಖಚಿತವಾದ ಅಳತೆ ಮೊದಲೇ ಗೊತ್ತಿದೆ: ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಬೋರ್ಡಿನ ಮೇಲೆ ‘ವಿದ್ಯಾಲಯ’ ಎಂದು ಬರೆದು ಪ್ರಸ್ತಾರ ಹಾಕಿಸುತ್ತೇನೆ. ಗುರು, ಗುರು, ಲಘು, ಲಘು. ಫಾಕ್ಸ್‌ಟ್ರಾಟ್‌ನ ಮೂಲ ಹೆಜ್ಜೆ ಅದೇ: ಎಡಗಾಲು ಮುಂದೆ, ಬಲಗಾಲು ಮುಂದೆ, ಎಡಗಾಲು ಬದಿಗೆ, ಬಲಗಾಲು ಅದಕ್ಕೆ ಕೂಡಿಸು. ಹಿಂಬಾಲಿಸುವವರದ್ದು ಇದರ ಕನ್ನಡಿ. ಮೆರೆಂಗೆ ಇನ್ನೂ ಸುಲಭ, ‘ಗಿಡಮರ’ ಎಂದರೆ ಮುಗಿಯಿತು, ನಾಲ್ಕೂ ಲಘು, ಮಾತ್ರೆಗೊಂದು ಹೆಜ್ಜೆ. ಮೊದಲು ಮೆರೆಂಗೆ ಇಡುವುದೂ ಇದಕ್ಕೇ.

ಫಾಕ್ಸ್‌ಟ್ರಾಟ್‌ನಲ್ಲಿ ಒಂದು ತೊಡಕಿದೆ. ಹಾಡು ನಾಲ್ಕು ನಾಲ್ಕು ಮಾತ್ರೆಯಲ್ಲಿ ನಡೆಯುತ್ತದೆ, ಹೆಜ್ಜೆ ಆರು ಮಾತ್ರೆಯದು. ಶಾಲಾ ವಾರ್ಷಿಕೋತ್ಸವಗಳಲ್ಲಿ ‘ಐದು, ಆರು, ಏಳು, ಎಂಟು’ ಎಣಿಸಿ ಕುಣಿದವರು ಎಂಟಕ್ಕೆ ಹೊಸದಾಗಿ ಶುರುಮಾಡಲು ಹೋಗಿ ಎಡವುತ್ತಾರೆ. ಎರಡು ‘ವಿದ್ಯಾಲಯ’ ಸೇರಿದರೆ 12 ಮಾತ್ರೆ, ಹಾಡಿನ ಮೂರು ಆವರ್ತ. ಅಲ್ಲಿ ಎರಡೂ ಮತ್ತೆ ಕೂಡುತ್ತವೆ ಎಂದು ಚಪ್ಪಾಳೆ ಹಾಕಿ ತೋರಿಸಬೇಕು. ಕಾಲು ಕದಲಿಸದೆ ಬರೀ ಚಪ್ಪಾಳೆಗೇ ಅರ್ಧ ತರಗತಿ ಹೋಗಲಿ, ನಷ್ಟವಿಲ್ಲ.

ವಾಲ್ಟ್ಸ್‌ಗೆ ‘ಕಮಲ’. ಮೂರು ಮಾತ್ರೆಯ ಗಣ, ಉತ್ಸಾಹ ರಗಳೆಯ ನಡೆ. ಸೀಮೆಸುಣ್ಣದಿಂದ ಒಂದೂವರೆ ಅಡಿ ಚೌಕ ಬರೆಯಿರಿ. ‘ಕ’ಕ್ಕೆ ಎಡಗಾಲು ಮುಂದೆ, ‘ಮ’ಕ್ಕೆ ಬಲಗಾಲು ಬದಿಗೆ, ‘ಲ’ಕ್ಕೆ ಎಡಗಾಲು ಕೂಡಿಸು. ಮುಂದಿನ ‘ಕಮಲ’ ಬಲಗಾಲಿನಿಂದ ಹಿಂದಕ್ಕೆ. ಎಲ್ಲರೂ ತಪ್ಪುವುದು ‘ಲ’ದಲ್ಲಿ. ಪಾದ ಕೂಡುತ್ತದೆ, ಮೈಭಾರ ಅದರ ಮೇಲೆ ಬರುವುದಿಲ್ಲ, ಹಾಗಾಗಿ ಮುಂದೆ ಅದೇ ಕಾಲು ಮತ್ತೆ ಎತ್ತುತ್ತಾರೆ, ಜೊತೆಯವರ ಬೆರಳು ತುಳಿಯುತ್ತಾರೆ. ‘ಲ’ದಲ್ಲಿ ನಿಲ್ಲಿಸಿ ‘ಇನ್ನೊಂದು ಕಾಲು ಎತ್ತಿ’ ಎನ್ನಿ. ತೂರಾಡಿದವರಿಗೆ ತಪ್ಪು ತಾನೇ ತಿಳಿಯುತ್ತದೆ. ವಾಲ್ಟ್ಸ್‌ಗೆ ನಿಮಿಷಕ್ಕೆ 90ರ ಆಸುಪಾಸು ಬಡಿತ ಸಾಕು, ಕಲಿಯುವಾಗ 70. ಮೂರರ ನಡೆ ಇದೆಯಲ್ಲ ಎಂದು ದಾದ್ರಾ ತಾಳದ ಸಿನಿಮಾ ಹಾಡು ಹಾಕಿಬಿಟ್ಟರೆ ಎಷ್ಟೋ ಸಲ ವೇಗ ಇದರ ಎರಡರಷ್ಟಿರುತ್ತದೆ. ಮೊಬೈಲಿನಲ್ಲಿ ಬಡಿತ ಎಣಿಸಿಯೇ ಹಾಡು ಆರಿಸುವುದು ಒಳ್ಳೆಯದು.

ಟ್ಯಾಂಗೋ ಹೊತ್ತಿಗೆ ಹಿಡಿತ ಗಟ್ಟಿಯಾಗಿರುತ್ತದೆ, ಮುಖ ನೋಡಲು ಅಂಜಿಕೆ ಇರುವುದಿಲ್ಲ. ‘ವಿದ್ಯಾಲಯದೊಳ್’ ಎನ್ನಿಸಿ: ಗುರು, ಗುರು, ಲಘು, ಲಘು, ಗುರು, ಒಟ್ಟು ಎಂಟು ಮಾತ್ರೆ. ಈ ಸಲ ಹಾಡಿನ ಎರಡು ಆವರ್ತಕ್ಕೆ ಸರಿಯಾಗಿ ಕೂಡುತ್ತದೆ. ಎಡ ಮುಂದೆ, ಬಲ ಮುಂದೆ, ಎಡ ಮುಂದೆ, ಬಲ ಬದಿಗೆ, ಕೊನೆಯ ‘ದೊಳ್’ಗೆ ಎಡಗಾಲನ್ನು ನೆಲಕ್ಕೆ ಸವರುತ್ತಾ ಬಲಗಾಲ ಪಕ್ಕಕ್ಕೆ ತರಬೇಕು. ಗುರು ಎಂದರೆ ಭಾರ ಎಂದು ಕಲಿತ ಮಕ್ಕಳು ಇಲ್ಲಿ ಕಾಲು ಅಪ್ಪಳಿಸುತ್ತಾರೆ. ವಾಲ್ಟ್ಸ್‌ನಲ್ಲಿ ಐದು ತರಗತಿ ‘ಕೂಡಿಸಿದ ಕಾಲಿನ ಮೇಲೆ ನಿಲ್ಲು’ ಎಂದು ನಾನೇ ಹೇಳಿರುತ್ತೇನೆ, ಅದೂ ಅಡ್ಡ ಬರುತ್ತದೆ. ಟ್ಯಾಂಗೋದ ಈ ಗುರುವಿಗೆ ಎರಡು ಮಾತ್ರೆಯ ಕಾಲ ಉಂಟು, ಮೈಭಾರ ಇಲ್ಲ. ಎಡಗಾಲ ಕೆಳಗೆ ಒಂದು ಹಾಳೆ ಇಡಿ, ‘ದೊಳ್’ ಮುಗಿದಾಗ ಪಕ್ಕದವರು ಎಳೆದರೆ ಅದು ಹರಿಯದೆ ಈಚೆ ಬರಬೇಕು. ಬಂದರೆ ಆ ಕಾಲು ಮುಂದಿನ ಹೆಜ್ಜೆಗೆ ಸಿದ್ಧವಾಗಿದೆ.