45ರಲ್ಲಿ ಮತ್ತೆ ಇಂಟರ್‌ವ್ಯೂಗೆ ಕೂತಾಗ

ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪ್‌ನಲ್ಲಿ 18 ವರ್ಷ ಕ್ವಾಲಿಟಿ ನೋಡಿಕೊಂಡವನು ನಾನು. ಸೇರಿದಾಗ ಇನ್‌ಸ್ಪೆಕ್ಟರ್, ಬಿಡುವಾಗ ಮ್ಯಾನೇಜರ್. ಎಣ್ಣೆಯ ಹರಿವನ್ನು ನಿಯಂತ್ರಿಸುವ ಹೈಡ್ರಾಲಿಕ್ ವಾಲ್ವ್‌ನ ಬಾಡಿ, ಅದರೊಳಗೆ ಜಾರುವ ಸ್ಪೂಲ್, ಇಂಥವೇ ನಮ್ಮ ಮಾಲು. ದೊಡ್ಡ ಕಸ್ಟಮರ್ ಒಬ್ಬರ ಆರ್ಡರ್ ಬೇರೆ ಕಡೆ ಹೋಯಿತು. ಒಂದು ಶಿಫ್ಟ್ ನಿಂತಿತು. ಆಮೇಲೆ ಎಚ್‌ಆರ್‌ನಿಂದ ಕರೆ ಬಂತು. ನನಗೆ ಆಗ 45.

ಮೊದಲು ದುಡ್ಡಿನ ವಿಷಯ ಒಂದು ಹೇಳಿಬಿಡುತ್ತೇನೆ. ನಾಳೆಯಿಂದಲೇ ಬರೋದು ಬೇಡ, ಎರಡು ತಿಂಗಳ ನೋಟಿಸ್ ಪೇ ಕೊಡುತ್ತೇವೆ ಅಂದರು. ನನ್ನ ಸರ್ವಿಸ್ ಆವತ್ತಿಗೆ 18 ವರ್ಷ 5 ತಿಂಗಳು. ಗ್ರಾಚ್ಯುಟಿ ಲೆಕ್ಕದಲ್ಲಿ ಕೊನೆಯ ವರ್ಷ ಆರು ತಿಂಗಳು ದಾಟಿದರೆ ಅದನ್ನು ಪೂರ್ತಿ ವರ್ಷ ಅಂತಲೇ ಹಿಡಿಯುತ್ತಾರೆ. ಆಗ ಕೊನೆಯ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿದರೆ ಒಂದು ವರ್ಷದ್ದು ಸಿಗುತ್ತಿತ್ತು. ನೋಟಿಸ್ ಅವಧಿ ಕೆಲಸ ಮಾಡಿಯೇ ಹೋಗುತ್ತೇನೆ ಅಂತ ಪಟ್ಟು ಹಿಡಿದೆ. 18 ಇದ್ದದ್ದು 19 ಆಯಿತು. ಎಚ್‌ಆರ್ ಹುಡುಗ ಮುಖ ಗಂಟು ಹಾಕಿಕೊಂಡ, ಇರಲಿ.

ರೆಸ್ಯೂಮ್ ನಾಲ್ಕು ಪುಟ ಬರೆದೆ. ಐಎಟಿಎಫ್ 16949, ಪಿಪಿಎಪಿ, ಎಸ್‌ಪಿಸಿ, ಎಂಎಸ್‌ಎ, ಹೀಗೆ ವಾಹನ ಬಿಡಿಭಾಗಗಳ ಕ್ವಾಲಿಟಿಯ ಸ್ಟ್ಯಾಂಡರ್ಡ್, ವಿಧಾನಗಳ ಹೆಸರೆಲ್ಲ ತುರುಕಿದೆ. ನೌಕರಿ ಡಾಟ್ ಕಾಮ್‌ನಲ್ಲಿ ಕ್ವಾಲಿಟಿ ಹೆಡ್, ಪ್ಲಾಂಟ್ ಹೆಡ್ ಅಂತ ಕಂಡದ್ದಕ್ಕೆಲ್ಲ ಹಾಕಿದೆ. ಎರಡು ತಿಂಗಳಲ್ಲಿ 40 ದಾಟಿತು. ಕನ್ಸಲ್ಟೆನ್ಸಿಯವರು ಫೋನ್ ಮಾಡಿ ಈಗಿನ ಸಿಟಿಸಿ (ಕಂಪನಿಗೆ ತಗಲುವ ಒಟ್ಟು ಸಂಬಳ) ಎಷ್ಟು, ಎಷ್ಟು ಬೇಕು, ಯಾವಾಗ ಸೇರ್ತೀರಿ ಅಂತ ಕೇಳೋರು. ಆಮೇಲೆ ಪತ್ತೆಯೇ ಇಲ್ಲ.

ಮೊದಲ ಇಂಟರ್‌ವ್ಯೂ ಆದದ್ದು ಹೊಸೂರಿನಲ್ಲಿ. ಎದುರಿಗೆ ಕೂತವರು ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ರಿಜೆಕ್ಷನ್ ಕಡಿಮೆ ಮಾಡಿದ್ವಿ, ಆಡಿಟ್ ಪಾಸ್ ಮಾಡಿಸಿದ್ವಿ ಅಂತ ಹೇಳುತ್ತಾ ಹೋದೆ. ಅವರು ನಡುವೆ ತಡೆದು, ಅದರಲ್ಲಿ ನೀವು ಮಾಡಿದ್ದೇನು ಸರ್ ಅಂದರು. ನಾನು ಮತ್ತೆ "ನಮ್ಮ ಟೀಮ್" ಅಂತಲೇ ಶುರು ಮಾಡಿದೆ. 20 ನಿಮಿಷಕ್ಕೆ ಮುಗಿಯಿತು. ನಮ್ಮಲ್ಲಿ "ನಾನು, ನಾನು" ಅಂದರೆ ಜಂಬ ಅಂದುಕೊಳ್ಳುತ್ತಾರಲ್ವಾ? ಅದೇ ಅಭ್ಯಾಸ ನಾಲಿಗೆ ಮೇಲೆ ಕೂತಿತ್ತು.

ನಮ್ಮಲ್ಲೇ ಆಪರೇಟರ್ ಆಗಿದ್ದವನೊಬ್ಬ ಈಗ ಸುಂಕದಕಟ್ಟೆಯಲ್ಲಿ ಎರಡು ಸಿಎನ್‌ಸಿ ಮಷಿನ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುತ್ತಾನೆ. ಬೇಜಾರು ತಡೆಯಲಾರದೆ ಒಂದು ಸಂಜೆ ಅವನ ಶೆಡ್‌ಗೆ ಹೋದೆ. ಟೀ ಕುಡಿಯುತ್ತಾ, "ಸರ್, ಆ ಬರ್ ಕಂಪ್ಲೇಂಟ್ ಕಥೆ ಹೇಳಿದ್ರಾ ಅವರಿಗೆ?" ಅಂದ. ಹೇಳಿರಲಿಲ್ಲ. ನಮ್ಮ ಲೈನ್‌ನ ತಪ್ಪನ್ನು ಇಂಟರ್‌ವ್ಯೂನಲ್ಲಿ ಯಾರಾದರೂ ಹೇಳ್ತಾರಾ?

ಕಥೆ ಇಷ್ಟು. ವಾಲ್ವ್ ಬಾಡಿಯೊಳಗೆ ಒಂದು ತೂತಿಗೆ ಇನ್ನೊಂದು ಅಡ್ಡ ಬಂದು ಸೇರುವ ಕಡೆ, ಅಂಚಿನಲ್ಲಿ ಕೂದಲೆಳೆಯಷ್ಟು ಲೋಹ ಉಳಿದುಬಿಡುತ್ತದೆ. ಅದೇ ಬರ್. ಎಣ್ಣೆಯ ಒತ್ತಡಕ್ಕೆ ಕಿತ್ತು ಬಂದರೆ ಸ್ಪೂಲ್ ಸಿಕ್ಕಿಕೊಳ್ಳುತ್ತದೆ. ಮೂರು ತಿಂಗಳಲ್ಲಿ ನಾಲ್ಕು ಕಂಪ್ಲೇಂಟ್ ಬಂದವು. ಮೊದಲ ಮೂರಕ್ಕೂ 8ಡಿ ರಿಪೋರ್ಟ್‌ನಲ್ಲಿ, ಅಂದರೆ ಕಾರಣ, ಪರಿಹಾರ ಬರೆದು ಕಸ್ಟಮರ್‌ಗೆ ಕೊಡುವ ವರದಿಯಲ್ಲಿ, ಬರೆದದ್ದು ಒಂದೇ ಸಾಲು: ಆಪರೇಟರ್ ಅಜಾಗರೂಕತೆ, ತರಬೇತಿ ಕೊಡಲಾಗಿದೆ. ನಾಲ್ಕನೆಯದಕ್ಕೆ ನಾನು ಮೂರು ರಾತ್ರಿ ಥರ್ಡ್ ಶಿಫ್ಟ್‌ನಲ್ಲಿ ಬರ್ ತೆಗೆಯುವ ಡೀಬರಿಂಗ್ ಟೇಬಲ್ ಪಕ್ಕ ಕೂತೆ. ಹುಡುಗ ಸರಿಯಾಗೇ ಮಾಡುತ್ತಿದ್ದ, ಸವೆದಿದ್ದು ಬ್ರಷ್. ಎಷ್ಟು ಪೀಸಿಗೆ ಬದಲಿಸಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಬದಲಿಸೋಣ ಅಂದರೂ ರಾತ್ರಿ ಸ್ಟೋರ್ಸ್‌ಗೆ ಬೀಗ. ಹೊಸ ಬ್ರಷ್ ಹಾಕಿಸಿ, 50 ಪೀಸಿಗೊಂದು ತೆಗೆದು, ತೂತಿನೊಳಗೆ ಇಣುಕುವ ಬೋರೋಸ್ಕೋಪ್‌ನಲ್ಲಿ ನೋಡುತ್ತಾ ಹೋದೆ. 400 ದಾಟಿದ ಮೇಲೆ ಅಂಚು ಕೆಡತೊಡಗಿತು. 300ಕ್ಕೇ ಬದಲಿಸಿ ಅಂತ ಕೌಂಟರ್ ಹಾಕಿಸಿದೆ, ಬ್ರಷ್‌ಗಳನ್ನು ಟೇಬಲ್ ಮೇಲೇ ಇಡಿಸಿದೆ. ಆ ಕಂಪ್ಲೇಂಟ್ ಮತ್ತೆ ಬರಲಿಲ್ಲ.

ಇದನ್ನು ಮೊದಲು ಕನ್ನಡದಲ್ಲಿ ಅವನಿಗೇ ಹೇಳಿದೆ. "ಎಲ್ಲಾ ಕಡೆ ‘ಮಾಡಿದ್ವಿ’ ಅಂತೀರಲ್ಲ ಸರ್, ರಾತ್ರಿ ಕೂತಿದ್ದು ನೀವೊಬ್ಬರೇ" ಅಂತ ನಿಲ್ಲಿಸಿ ನಿಲ್ಲಿಸಿ ತಿದ್ದಿದ. ಕನ್ನಡದಲ್ಲಿ ಸಲೀಸಾದ ಮೇಲೆ ಇಂಗ್ಲಿಷ್‌ನಲ್ಲಿ ಹೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಏನು ಹೇಳಬೇಕು ಅನ್ನೋದು ಗಟ್ಟಿ ಇದ್ದರೆ ತಡವರಿಸೋದು ಕಡಿಮೆ.

ಇಂಥ ಇನ್ನೂ ಮೂರು ನೆನಪಿಸಿಕೊಂಡು ಬರೆದೆ. ರೆಸ್ಯೂಮ್ ಎರಡು ಪುಟಕ್ಕೆ ಇಳಿಯಿತು. ಆಗ ಇನ್ನೊಂದು ಕಣ್ಣಿಗೆ ಬಿತ್ತು. ನಾಲ್ಕರಲ್ಲಿ ಒಂದೂ ಮೀಟಿಂಗ್ ರೂಮಿನಲ್ಲಿ ನಡೆದದ್ದಲ್ಲ. ಎರಡು ಮಷಿನ್ ಪಕ್ಕ, ಎರಡು ಸಪ್ಲೈಯರ್ ಶೆಡ್‌ನಲ್ಲಿ. ನಾನು ಸುಮ್ನೆ ಪ್ಲಾಂಟ್ ಹೆಡ್ ಅನ್ನೋ ಹೆಸರಿನ ಹಿಂದೆ ಓಡುತ್ತಿದ್ದೆ. ಅವತ್ತಿನಿಂದ ಸಪ್ಲೈಯರ್ ಕ್ವಾಲಿಟಿ, ಅಂದರೆ ಮಾಲು ಕೊಡುವವರ ಗುಣಮಟ್ಟ ನೋಡುವ ಕೆಲಸ ಬಿಟ್ಟು ಬೇರೆಯದಕ್ಕೆ ಹಾಕಲಿಲ್ಲ.

ಕೆಲಸದ ಸುಳಿವು ಸಿಕ್ಕಿದ್ದು ಆಪ್ತರಿಂದ ಅಲ್ಲ. ಹಿಂದೆ ಕಸ್ಟಮರ್ ಕಡೆಯಿಂದ ಆಡಿಟ್‌ಗೆ ಬಂದು ನನಗೆ ಎರಡು ಎನ್‌ಸಿ (ನಿಯಮಕ್ಕೆ ಹೊಂದದ ತಪ್ಪು) ಬರೆದು ಹೋಗಿದ್ದವರೊಬ್ಬರು ಏರೋಸ್ಪೇಸ್‌ಗೆ ಹೋಗಿದ್ದರು. ಅವರಿಗೆ ಫೋನ್ ಮಾಡಿದೆ. ಕೆಲಸ ಕೊಡಿಸಿ ಅನ್ನಲಿಲ್ಲ. ವಾಹನ ಬಿಡಿಭಾಗಗಳ ಕಡೆಯವನು ಏರೋಸ್ಪೇಸ್‌ನ ಕ್ವಾಲಿಟಿ ಸ್ಟ್ಯಾಂಡರ್ಡ್ ಎಎಸ್9100ಗೆ ಬಂದರೆ ಎಲ್ಲಿ ಎಡವುತ್ತಾನೆ ಅಂತ ಕೇಳಿದೆ. ಅರ್ಧ ಗಂಟೆ ಮಾತಾಡಿದರು. ಎರಡು ವಾರದ ಮೇಲೆ ಅವರೇ ಫೋನ್ ಮಾಡಿದರು.

ದೇವನಹಳ್ಳಿ ಕಡೆಯ ಆ ಕಂಪನಿಯಲ್ಲಿ ಮೂವರು ಕೂತಿದ್ದರು. ಬರ್ ಕಥೆ ಹೇಳಿದೆ. ಒಬ್ಬರು ಮೇಡಂ, "ಹಾಗಾದರೆ ಮೊದಲ ಮೂರು ಸಲ ಆಪರೇಟರ್ ತಪ್ಪು ಅಂತ ಯಾಕೆ ಬರೆದಿರಿ?" ಅಂದರು. ಇದಕ್ಕೆ ನಾನು ತಯಾರಾಗಿರಲಿಲ್ಲ. "ಹಾಗೆ ಬರೆಯೋದು ಸುಲಭ ಇತ್ತು. ಮೂರಕ್ಕೂ ಸಹಿ ನನ್ನದೇ" ಅಂದೆ. ಅವರು ಏನೋ ಗುರುತು ಹಾಕಿಕೊಂಡರು. ಕೆಲಸ ಹೋಯಿತು ಅಂದುಕೊಂಡೇ ಹೊರಗೆ ಬಂದೆ. ಮೂರನೇ ದಿನ ಆಫರ್ ಬಂತು.

ಆಫರ್‌ನಲ್ಲಿ ಸಿಟಿಸಿ ಹಳೆಯದಕ್ಕಿಂತ ಜಾಸ್ತಿ ಕಾಣುತ್ತಿತ್ತು. ಬಿಡಿಸಿ ನೋಡಿದರೆ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಅಂತ ಬೇಸಿಕ್‌ನ 4.81%, ಎಲ್ಲ ಅದರೊಳಗೇ. ಕೈಗೆ ಬರೋದು ಹಳೆಯದಕ್ಕಿಂತ ಸ್ವಲ್ಪ ಕಡಿಮೆ. ತಿಂಗಳ ಕೈಗೆ ಬರುವ ಲೆಕ್ಕ ಬರೆದುಕೊಡಿ ಅಂತ ಕೇಳಿ, ಅದರ ಮೇಲೆ ಮಾತಾಡಿ ಒಂದಿಷ್ಟು ಏರಿಸಿಕೊಂಡೆ. ಮ್ಯಾನೇಜರ್ ಅನ್ನೋದು ಹೋಗಿ ಲೀಡ್ ಆಯಿತು. "ವಿಸಿಟಿಂಗ್ ಕಾರ್ಡ್ ಮನೇಲಿ ಯಾರು ನೋಡ್ತಾರೆ ರೀ, ಸೇರ್ಕೊಳ್ಳಿ" ಅಂದಳು ಹೆಂಡತಿ.

ಸೇರಿ ಐದು ತಿಂಗಳಾಯಿತು. ಮೊದಲ ಪೀಸಿನ ತಪಾಸಣೆ ಬರೆಯುವ ಎಎಸ್9102 ಫಾರ್ಮ್‌ನಲ್ಲಿ ಇನ್ನೂ ಏನಾದರೂ ಬಿಟ್ಟಿರುತ್ತೇನೆ. ನನಗಿಂತ 20 ವರ್ಷ ಚಿಕ್ಕ ಹುಡುಗಿಯೊಬ್ಬಳು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ನನ್ನ ಟೇಬಲ್ ಮೇಲೆ ಇಟ್ಟು ಹೋಗುತ್ತಾಳೆ.