ಪಂದ್ಯದ ಒತ್ತಡ: ಯಾವ ಥೆರಪಿ, ಯಾವಾಗ, ಹೇಗೆ?

ಅಭ್ಯಾಸದಲ್ಲಿ ಸಲೀಸಾಗಿ ಹೊಡೆಯುವ ಪೆನಾಲ್ಟಿ ಫೈನಲ್‌ನಲ್ಲಿ ಗೋಲಿನಾಚೆ ಹೋಗುತ್ತದೆ. ಆಟ ಮರೆತದ್ದಲ್ಲ, ಮೈಗೂಡಿದ ಚಲನೆಯನ್ನು ಮನಸ್ಸು ಹೆಜ್ಜೆಹೆಜ್ಜೆಗೂ ಪರೀಕ್ಷಿಸತೊಡಗಿದಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಬರೀ ಅಭ್ಯಾಸ ಹೆಚ್ಚಿಸಿದರೆ ಇದು ಹೋಗದು.

ಮೊದಲು ಎರಡು ವಾರ ಟಿಪ್ಪಣಿ ಇಡಿ. ಎಡವಿದ ಪ್ರತಿ ಸಲ ಮೂರೇ ಸಾಲು: ಏನು ನಡೆಯಿತು, ತಲೆಯಲ್ಲಿ ಏನು ಬಂತು, ಮೈಗೆ ಏನಾಯಿತು. ಚಿಕಿತ್ಸೆಯ ಆಯ್ಕೆಗೆ ಇದೇ ಆಧಾರ.

ಎದೆಬಡಿತ, ನಡುಕವೇ ಮುಖ್ಯವಾದರೆ ಉಸಿರಿನಿಂದ ಶುರುಮಾಡಿ. ನಾಲ್ಕು ಸೆಕೆಂಡ್ ಒಳಗೆ, ಆರು ಸೆಕೆಂಡ್ ಹೊರಗೆ. ದಿನಕ್ಕೆ 5 ನಿಮಿಷ. ತಲೆ ಸುತ್ತಿದರೆ ಉಸಿರು ಅತಿಯಾಗಿ ಎಳೆಯುತ್ತಿದ್ದೀರಿ, ಮೆಲ್ಲಗೆ ಮಾಡಿ. ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವ ವಿಧಾನವೂ ಒಳ್ಳೆಯದೇ. ಆದರೆ ಅದು ಹಿಂದಿನ ರಾತ್ರಿಗೆ. ಓಟಕ್ಕೆ ಮುಂಚೆ ಮಾಡಿದರೆ ಬೇಕಾದ ಬಿಗಿಯೂ ಹೋಗುತ್ತದೆ.

ಯೋಚನೆಯೇ ಕಾಡುತ್ತಿದ್ದರೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆಯನ್ನು ಪರೀಕ್ಷಿಸಿ ಬದಲಿಸುವ ಚಿಕಿತ್ಸೆ) ಸೂಕ್ತ. 'ಈ ಸರ್ವ್ ತಪ್ಪಿದರೆ ತಂಡದಿಂದ ತೆಗೆಯುತ್ತಾರೆ' ಎಂಬ ಸಾಲನ್ನೇ ತೆಗೆದುಕೊಳ್ಳಿ. ಎಡಗಡೆ ಅದಕ್ಕೆ ಪುರಾವೆ, ಬಲಗಡೆ ವಿರುದ್ಧ ಪುರಾವೆ ಬರೆಯಿರಿ: ಹಿಂದೆ ಸರ್ವ್ ತಪ್ಪಿದಾಗ ನಿಜಕ್ಕೂ ತೆಗೆದಿದ್ದರೇ? ಕೊನೆಗೆ ಅದರ ಜಾಗಕ್ಕೆ ಮಾಡಬಹುದಾದ ಒಂದು ಕೆಲಸ ಇಡಿ: 'ಚೆಂಡನ್ನು ಎತ್ತರಕ್ಕೆ ಎಸೆ.' 'ನಾನು ಗೆದ್ದೇ ಗೆಲ್ಲುತ್ತೇನೆ' ಎಂದು ಬರೆಯಬೇಡಿ, ಮನಸ್ಸು ನಂಬುವುದಿಲ್ಲ.

ಯೋಚನೆಯೊಂದಿಗಿನ ವಾದವೇ ಮುಗಿಯದಿದ್ದರೆ ಎಸಿಟಿ (ಅಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ) ನೋಡಿ. ಇಲ್ಲಿ ಭಯವನ್ನು ಓಡಿಸುವುದಿಲ್ಲ. 'ಸೋಲುತ್ತೇನೆಂಬ ಯೋಚನೆ ಬಂದಿದೆ' ಎಂದು ಗುರುತಿಸಿ, ಅದು ಇರುವಾಗಲೇ ಆಡುವುದನ್ನು ಕಲಿಸುತ್ತಾರೆ.

ಯಾವುದೇ ಆದರೂ ಒತ್ತಡದಲ್ಲೇ ಪಳಗಬೇಕು. ಮೊದಲು ಒಬ್ಬರೆದುರು, ಆಮೇಲೆ ತಂಡದೆದುರು, ನಂತರ ಅಂಕ ಲೆಕ್ಕ ಹಾಕಿ, ಕೊನೆಗೆ ಸಣ್ಣ ಪಂದ್ಯದಲ್ಲಿ. ನೇರ ದೊಡ್ಡ ಪಂದ್ಯದಲ್ಲಿ ಪ್ರಯೋಗಿಸುವುದೇ ಎಲ್ಲರೂ ಮಾಡುವ ತಪ್ಪು.

ಆದರೆ ಕೆಲವೊಮ್ಮೆ ನಿಲ್ಲಿಸುವುದೇ ಸರಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಾಳಿಯಲ್ಲಿ ತಿರುಗುವಾಗ ದಿಕ್ಕಿನ ಅರಿವು ತಪ್ಪುತ್ತಿದ್ದುದರಿಂದ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಂಡ ಫೈನಲ್‌ನ ನಡುವೆ ಹಿಂದೆ ಸರಿದರು. ಸರಿಯಾದ ನಿರ್ಧಾರ, ಜಿಮ್ನಾಸ್ಟಿಕ್ಸ್, ಡೈವಿಂಗ್‌ನಲ್ಲಿ ಇಂಥದ್ದನ್ನು ಹಠದಿಂದ ದಾಟಲು ಹೋದರೆ ಕುತ್ತಿಗೆಗೇ ಅಪಾಯ.

ಎರಡು ವಾರ ನಿದ್ದೆ ಕೆಟ್ಟು, ಆಟವೇ ಬೇಡವೆನಿಸಿದರೆ ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಅಂದೇ ಹೋಗಿ. ಕೋಚ್‌ಗೆ ಏನು ತಿಳಿಸಬಹುದು, ಏನು ತಿಳಿಸಬಾರದು ಎಂಬುದನ್ನು ಮೊದಲ ಭೇಟಿಯಲ್ಲೇ ಥೆರಪಿಸ್ಟ್ ಜತೆ ಮಾತಾಡಿ ಬರೆದಿಟ್ಟುಕೊಳ್ಳಿ.